ಕಣ್ಣು ಹೋಗುವಾಗ ನಾನು ಸಹಿ ಮಾಡಿದ ಪುಟ

ಡಾಕ್ಟರು ನಿಮಗೂ 'ಕಣ್ಣಿನ ಹಿಂದಿನ ಪರದೆ ಒಣಗುತ್ತಿದೆ, ಇದಕ್ಕೆ ಔಷಧಿಯಿಲ್ಲ' ಎಂದು ಹೇಳಿ, ಅದೇ ಉಸಿರಿನಲ್ಲಿ ಮುಂದಿನ ಪೇಷಂಟಿನ ಹೆಸರು ಕೂಗಿದ್ದರೆ, ಇದನ್ನು ಯಾರ ಕೈಲಾದರೂ ಓದಿಸಿಕೊಳ್ಳಿ. ಔಷಧಿ ನನಗೂ ಸಿಕ್ಕಿಲ್ಲ. ಕಿಟಕಿ ಯಾವ ಕಡೆ ಇದೆ, ದೀಪ ಹತ್ತಿದೆಯೋ ಇಲ್ಲವೋ, ಇಷ್ಟು ಗೊತ್ತಾಗುತ್ತದೆ. ಆದರೂ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಆ ಕೆಲಸ ಹೇಗೆ ಉಳಿಯಿತು ಎಂದು ಹೇಳಹೊರಟರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅದನ್ನು ಬಿಟ್ಟು ಬರೆಯಲು ಎರಡು ಸಲ ನೋಡಿದೆ. ಬರೆದದ್ದು ನನ್ನ ಕಿವಿಗೇ ಸುಳ್ಳಾಗಿ ಕೇಳಿಸಿತು.

ಅಪ್ಪ ಪುಣೆ ಪಕ್ಕದ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಕಲಬುರಗಿ ಕಡೆಯಿಂದ ಬಂದು ಕಾಲೋನಿಯ ಎರಡು ಖೋಲಿಯ ಮನೆಯಲ್ಲಿ ನೆಲೆ ನಿಂತವರು ನಾವು. ಸಣ್ಣವಳಿದ್ದಾಗಿನಿಂದ, ದೀಪ ಹಚ್ಚುವ ಹೊತ್ತಾಯಿತೆಂದರೆ ನನಗೆ ಅಂಗಳ ಕಾಣುತ್ತಿರಲಿಲ್ಲ. ನೀರಿನ ಕೊಡ ಎಡವುತ್ತಿದ್ದೆ, ಪಕ್ಕದ ಮನೆಯವರ ಹಪ್ಪಳದ ಮೇಲೆ ಕಾಲಿಡುತ್ತಿದ್ದೆ. ಅವ್ವ ಎಲ್ಲಿಂದಲೋ ಹೊನಗೊನ್ನೆ ಸೊಪ್ಪು ತರಿಸಿ ವಾರಕ್ಕೆ ಮೂರು ದಿನ ಪಲ್ಯ ಮಾಡುತ್ತಿದ್ದಳು. "ತಿನ್ನು ಸುಜೀ, ಕಣ್ಣು ಹದ್ದಿನ ಕಣ್ಣಾಗ್ತಾವ" ಎನ್ನುತ್ತಿದ್ದಳು. ಇಪ್ಪತ್ತು ವರ್ಷ ತಿಂದೆ. ಸೊಪ್ಪಿನ ಮೇಲೆ ನನಗೆ ಸಿಟ್ಟಿಲ್ಲ, ಅದು ತನ್ನ ಕೈಲಾದಷ್ಟು ಮಾಡಿರಬೇಕು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಕಲಿತು, ಯೆರವಡಾದಲ್ಲಿ ಒಂದು ಕಟ್ಟಡದ ಮೂರನೇ ಮಾಳಿಗೆಯಲ್ಲಿದ್ದ ವೆಬ್‌ಸೈಟ್ ಮಾಡುವ ಕಂಪನಿಗೆ ಸೇರಿಕೊಂಡೆ. ಒಟ್ಟು ಒಂಬತ್ತು ಜನ. ಮಾಲೀಕರು ನಿತಿನ್ ಸರ್, ಸಾಲಿಗೆ ಎರಡು ಜೋಕು ಹೊಡೆಯುವ ಮನುಷ್ಯ. ಆಗ ವೆಬ್‌ಸೈಟ್ ಮಾಡುವುದೆಂದರೆ ಹೀಗೆ: ಒಬ್ಬಾತ ಇಡೀ ಪುಟವನ್ನು ಒಂದು ದೊಡ್ಡ ಚಿತ್ರವಾಗಿ ಬರೆದು ಕೊಡುತ್ತಿದ್ದ. ನಾವು ಅದನ್ನು ಬರ್ಫಿ ಕೊಯ್ದ ಹಾಗೆ ಚೌಕ ಚೌಕ ಕೊಯ್ದು, ತುಂಡುಗಳನ್ನು ಮತ್ತೆ ಸಂದು ಕಾಣದಂತೆ ಜೋಡಿಸುತ್ತಿದ್ದೆವು. ಪ್ರತಿ ತುಂಡಿಗೂ ಅದರಲ್ಲಿ ಏನಿದೆ ಎಂದು ಒಂದು ಹೆಸರು ಬರೆಯಬೇಕೆಂದು ಪರದೇಶದ ಗಿರಾಕಿಗಳು ಹಟ ಹಿಡಿಯುತ್ತಿದ್ದರು. ಕಣ್ಣಿಲ್ಲದವರ ಕಂಪ್ಯೂಟರ್ ಆ ಹೆಸರನ್ನು ಓದಿ ಹೇಳುತ್ತದಂತೆ. ಹೆಸರಿನ ಜಾಗ ಖಾಲಿ ಬಿಟ್ಟರೆ ತಪಾಸಣೆಯ ತಂತ್ರಾಂಶ ಕೆಂಪು ತೋರಿಸುತ್ತಿತ್ತು. ಏನಾದರೊಂದು ಬರೆದರೆ ಹಸಿರು. ಏನು ಬರೆದಿದ್ದೀರಿ ಎಂದು ಅದು ಕೇಳುತ್ತಿರಲಿಲ್ಲ. ಹಾಗಾಗಿ ಎಲ್ಲ ತುಂಡುಗಳಿಗೂ 'ಇಮೇಜ್' ಎಂಬ ಒಂದೇ ಹೆಸರನ್ನು ಒಂದೇ ಏಟಿಗೆ ತುಂಬುವ ಉಪಾಯವನ್ನು ನಾನು ಕಂಡುಹಿಡಿದೆ. ಒಂದು ದಿನದ ಕೆಲಸ ಒಂದು ನಿಮಿಷದ್ದಾಯಿತು. ನಿತಿನ್ ಸರ್ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, "ಸುಜಾತಾ ಕಡೂನ್ ಶಿಕಾ ರೇ, ಗಾಢವಾಂನೋ!" ಎಂದರು. ಕತ್ತೆಗಳಾ, ಇವಳನ್ನು ನೋಡಿ ಕಲಿಯಿರಿ ಎಂದು. ಕತ್ತೆಗಳು ಚಪ್ಪಾಳೆ ಹೊಡೆದರು.

ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಹಗಲೂ ಕೈಕೊಡತೊಡಗಿತು. ಎದುರಿನದು ಕಾಣುತ್ತಿತ್ತು, ಬದಿಯದು ಇಲ್ಲ. ಕೊಳವೆಯೊಳಗಿಂದ ಊರು ನೋಡಿದ ಹಾಗೆ. ತೆರೆಯ ಮೇಲೆ ಮೌಸಿನ ಬಾಣ ಕಳೆದುಹೋದರೆ ಹುಡುಕಲು ಹತ್ತು ನಿಮಿಷ. ಪುಟದ ಮೂಲೆಯ ತುಂಡು ಜೋಡಿಸದೇ ಬಿಟ್ಟು ಬಯ್ಯಿಸಿಕೊಂಡೆ. ಲೋಕಲ್ ರೈಲು ಇಳಿಯುವಾಗ ಒಬ್ಬ ಮುದುಕಿಯ ಕೊತ್ತಂಬರಿಯ ಬುಟ್ಟಿ ಒದ್ದೆ. "ಡೋಳೆ ಫುಟ್ಲೆ ಕಾ ಗ?" ಎಂದು ಕಿರುಚಿದಳು. ಕಣ್ಣು ಒಡೆದುಹೋಗಿವೆಯೇನೇ ಎಂದು. ಪುಣೆಯಲ್ಲಿ ದಿನಕ್ಕೆ ನೂರು ಬಾಯಲ್ಲಿ ಬರುವ ಬೈಗುಳ. ಅಂದು ಅದಕ್ಕೆ ಉತ್ತರ ಹೇಳಬೇಕೆನ್ನಿಸಿ, ಪ್ಲಾಟ್‌ಫಾರ್ಮಿನ ಮೇಲೆ ಕೂತು ಕೊತ್ತಂಬರಿ ಆರಿಸಿಕೊಟ್ಟೆ. ಅರ್ಧ ಕಟ್ಟುಗಳು ನನಗೆ ಸಿಗಲಿಲ್ಲ. ಅದಕ್ಕೂ ಬೈದಳು.

ಆಸ್ಪತ್ರೆಗೆ ಅಪ್ಪ, ಅವ್ವ ಇಬ್ಬರೂ ಬಂದರು. ಕಣ್ಣಿಗೆ ಹನಿ ಹಾಕಿ, ಗೋಡೆಗೆ ತಾಗಿದ ಬೆಂಚಿನ ಮೇಲೆ ಸಾಲಾಗಿ ಕೂಡಿಸಿದರು. ಹನಿ ಹಾಕಿಸಿಕೊಂಡವರೆಲ್ಲ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆ, ಪಕ್ಕದವರ ಮುಖ ನೋಡುವುದಿಲ್ಲ. ಅದೊಂದು ದೊಡ್ಡ ಉಪಕಾರ. ಮೂರು ತಾಸಿನ ಮೇಲೆ ಒಳಗೆ ಕರೆದರು. ಡಾಕ್ಟರು ದೀಪ ಹಿಡಿದು ನೋಡಿ, ಏನೂ ಮಾತಾಡದೆ ಕಲಿಯುವ ಹುಡುಗರನ್ನು ಕೂಗಿದರು. ಒಬ್ಬೊಬ್ಬರಾಗಿ ಬಂದು ನನ್ನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. "ಕ್ಲಾಸಿಕ್" ಎಂದಳು ಒಬ್ಬಳು, ಸೀರೆಯ ಬಣ್ಣ ಮೆಚ್ಚಿದವಳ ಹಾಗೆ.

ಅಷ್ಟರಲ್ಲಿ ಅವ್ವ ಅಪ್ಪನಿಗೆ, "ಮಾಮಾ, ಕುರ್ಚಿ ಮ್ಯಾಲ ಕೂಡ್ರಿ, ನಿಮ್ಮ ಮೊಣಕಾಲು ನೋಯ್ತಾವ" ಎಂದಳು. ಅಪ್ಪ ಅವ್ವನ ಸ್ವಂತ ಸೋದರಮಾವ. ಅಜ್ಜಿ ತನ್ನ ತಮ್ಮನಿಗೇ ಮಗಳನ್ನು ಕೊಟ್ಟಿದ್ದಳು. ನಮ್ಮ ಕಡೆ ಅದು ಬೀದಿಯಲ್ಲಿ ಮೂರು ಮನೆಯ ಕತೆ. ಡಾಕ್ಟರು ತಲೆಯೆತ್ತಿದರು.

"ಹೇ ತುಮಚೆ ಮಾಮಾ ಕೀ ಮಿಸ್ಟರ್?" ಇವರು ನಿಮ್ಮ ಮಾವನೋ ಗಂಡನೋ?

ಅವ್ವ ನಾಚಿಕೊಂಡು, ಸಂತೋಷದಿಂದಲೇ, "ದೋನ್ಹೀ" ಎಂದಳು. ಎರಡೂ.

ಹುಡುಗರು ಕಿಸಕ್ಕನೆ ನಕ್ಕರು. ಡಾಕ್ಟರು ನಗಲಿಲ್ಲ. ಅವರ ಕಡೆ ತಿರುಗಿ, ಬರೆದುಕೊಳ್ಳಿ ಎಂದರು. ಆಮೇಲೆ ಅವ್ವನಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಇಂಥ ಸಂಬಂಧದಲ್ಲಿ ಇಂಥದ್ದು ಬರುವ ಸಂಭವ ಹೆಚ್ಚು. ಕ್ರಮೇಣ ಪೂರ್ತಿ ಹೋಗುತ್ತದೆ, ಯಾವಾಗ ಎಂದು ಹೇಳಲಾಗದು. ಮುಂದಿನವರನ್ನು ಕಳಿಸಿ. ಅಷ್ಟೇ. ಸುಳ್ಳೇನೂ ಹೇಳಲಿಲ್ಲ. ಆದರೆ ಆ ಮಾತನ್ನು ಹತ್ತು ಜನರ ನಡುವೆ, ನಿಂತಲ್ಲೇ, ಅವ್ವನ ಮದುವೆಯ ಮೇಲೆ ಇಟ್ಟು ಹೋದರು.

ಅಂದಿನಿಂದ ಅವ್ವ ಅಪ್ಪನನ್ನು ಮಾಮಾ ಎಂದು ಕರೆಯುವುದನ್ನು ಬಿಟ್ಟಳು. ಬೇರೇನು ಕರೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರದ ಮೇಲೆ "ಇಲ್ನೋಡ್ರಿ", "ಕೇಳ್ರಿ ಇಲ್ಲಿ" ಎನ್ನತೊಡಗಿದಳು. ಅಪ್ಪ ಪ್ರತಿ ಸಲ ಒಂದು ಕ್ಷಣ ತಡೆದು ಓ ಎನ್ನುತ್ತಿದ್ದರು.

ಸುದ್ದಿ ಹರಡಿ ಬಳಗದವರು ನೋಡಲು ಬಂದರು. ಸತ್ತ ಮನೆಗೆ ಬರುವವರ ಹಾಗೆ, ಬಂದವರೆಲ್ಲ ಚಹಾ ಬೇಡವೆಂದು ಹೇಳಿ ಕುಡಿದು ಹೋದರು. ಒಬ್ಬ ಅತ್ತೆ ನನ್ನ ಎದುರೇ, "ಲಗ್ನ ಆಗಿಲ್ಲ, ಅದೇ ಛಲೋ ಆಯ್ತು ನೋಡು. ಯಾರ ಕೊರಳಿಗಿ ಕಟ್ಟತಿದ್ರಿ?" ಎಂದರು. ನನಗೆ ಕಣ್ಣು ಮಂದವಾದ ಕೂಡಲೇ ಜನ ನನ್ನ ಕಿವಿಯನ್ನೂ ಲೆಕ್ಕದಿಂದ ತೆಗೆದುಬಿಟ್ಟಿದ್ದರು.

ಅಪ್ಪ ಒಂದು ದಿನ ಊಟದ ಹೊತ್ತಿಗೆ ಹೇಳಿದರು: "ಕೆಲಸ ಬಿಡು ಸುಜೀ. ನಾ ಇರೋತನಕ ಕೂತು ಉಣ್ಣು. ಯಾರು ಏನಂತಾರ?"

"ನೀವು ಇಲ್ಲದಾಗ, ಅಪ್ಪಾ?"

ಅಪ್ಪ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅವರದು ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಕೂತು ಉಣ್ಣುವವರನ್ನು ಮನೆಗಳಲ್ಲಿ ಹೇಗೆ ಇಡುತ್ತಾರೆಂದು ನಾನು ನೋಡಿದ್ದೆ. ಬಾಗಿಲ ಹಿಂದಿನ ಚಾಪೆ, ಬಂದವರಿಗೆ ತೋರಿಸದ ಮುಖ. ಏನಾದರೂ ಆಗಲಿ, ನನ್ನ ಅನ್ನ ನಾನೇ ದುಡಿದು ತಿನ್ನಬೇಕು, ಅದೊಂದು ಕೈಬಿಟ್ಟರೆ ಎಲ್ಲ ಹೋಯಿತು ಎಂದು ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಮುಂದೆ ನಾನು ಮಾಡಿದ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅದೇ ಬೇರು.

ಕಂಪನಿಯಲ್ಲಿ ಹುಡುಗರು ಬೆರಳು ತೋರಿಸಿ "ಕಿತೀ?" ಎಂದು ಕೇಳುತ್ತಿದ್ದರು. ಎಷ್ಟು ಹೇಳು ನೋಡೋಣ ಎಂದು. ಸರಿ ಹೇಳಿದರೆ ನಾಟಕ ಮಾಡ್ತಾಳೆ ಎನ್ನುವುದು, ತಪ್ಪು ಹೇಳಿದರೆ ನಗು. ಆರು ತಿಂಗಳ ಮೇಲೆ ನಿತಿನ್ ಸರ್, "ಮನೆಯಲ್ಲಿ ವಿಶ್ರಾಂತಿ ತಗೋ, ಏನಾದರೂ ಕಲಿತು ಬಂದರೆ ನೋಡೋಣ" ಎಂದು ಕೈ ಮುಗಿದರು.

ಕಲಿಯಲು ಹೋದದ್ದು ಪಿಂಪ್ರಿಯ ಒಂದು ತರಗತಿಗೆ. ಝೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ, ಐದು ಕಂಪ್ಯೂಟರ್, ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ. ಕಲಿಸುವವರು ಮಲ್ಲಣ್ಣ ಸರ್. ಆಳಂದದ ಕಡೆಯ ಗೌಂಡಿ ಕೆಲಸದವರ ಮಗ. ಏಳನೇ ವರ್ಷದಲ್ಲಿ, ಕಟ್ಟಡದ ಕೆಲಸ ನಡೆಯುತ್ತಿದ್ದಲ್ಲೇ ಸುಣ್ಣದ ಹೊಂಡಕ್ಕೆ ಬಿದ್ದು ಎರಡೂ ಕಣ್ಣು ಕಳೆದುಕೊಂಡವರು. ನಾಲಿಗೆಗೂ ಆ ಸುಣ್ಣ ಸ್ವಲ್ಪ ತಾಗಿತ್ತು.

"ಎಷ್ಟು ಕಾಣ್ತದ ನಿನಗ?" ಮೊದಲ ದಿನ ಕೇಳಿದರು.

"ನಡುವಿಂದಷ್ಟು ಕಾಣ್ತದ್ರಿ."

"ಹಂಗಾದ್ರ ತೆರೀ ಮ್ಯಾಲ ಒಂದು ಟಾವೆಲ್ ಹಾಕು. ಅರ್ಧ ಕುರುಡರಷ್ಟು ದಡ್ಡರು ಯಾರೂ ಇಲ್ಲ. ಇರೋ ಕಣ್ಣಿಗಿ ಜೋತು ಬಿದ್ದು ಕಿವಿ ಕಲೀಲಾರದೇ ಸಾಯ್ತೀರಿ."

ಟಾವೆಲ್ ಹಾಕಿಕೊಂಡು ಕಲಿತೆ. ಬಾಣ ಬಿಟ್ಟು ಕೀಬೋರ್ಡಿನ ಗುಂಡಿಗಳಿಂದಲೇ ಪುಟದ ಮೇಲೆ ಓಡಾಡುವುದನ್ನು, ಯಂತ್ರದ ಗಡಿಬಿಡಿ ಇಂಗ್ಲಿಷನ್ನು ಹಿಡಿಯುವುದನ್ನು ಅವರು ಬೈದೇ ಕಲಿಸಿದರು. ಮೂರನೇ ವಾರ, "ಇವತ್ತು ಪುಣೆದಾಗಿಂದೇ ಎಲ್ಲಕ್ಕಿಂತ ಹೊಲಸು ಪುಟ ಕೇಳಸ್ತೀನಿ, ಬರ್ರಿ" ಎಂದು ಎಲ್ಲರನ್ನೂ ಕೂಡಿಸಿದರು. ಔಷಧಿ ಮಾರುವ ಒಂದು ಕಂಪನಿಯ ಪುಟ. ಗುಂಡಿ ಒತ್ತಿದರು. ಯಂತ್ರ 'ಇಮೇಜ್' ಎಂದಿತು. ಮತ್ತೆ ಒತ್ತಿದರು. 'ಇಮೇಜ್'. ಇಮೇಜ್, ಇಮೇಜ್, ಇಮೇಜ್. ಔಷಧಿಯ ಹೆಸರೂ ಇಮೇಜ್, ಎಷ್ಟು ಗುಳಿಗೆ ಎಂಬುದೂ ಇಮೇಜ್, ಫೋನ್ ನಂಬರೂ ಇಮೇಜ್. ತರಗತಿಯಲ್ಲಿದ್ದ ನಾಲ್ಕು ಜನ ಬಿದ್ದು ಬಿದ್ದು ನಕ್ಕರು.

"ಇದನ್ನ ಮಾಡಿದಾಂವಗ ಕಣ್ಣು ಇದ್ದಾವ, ನೆನಪಿಟ್ಟುಕೋರಿ. ಚಂದಂಗಿ ಇದ್ದಾವ. ನಮ್ಮ ಮೂಗಿಗಿ ಬೆಲ್ಲ ಹಚ್ಚ್ಯಾನ ಭಾಡಕಾವ್."

ಆ ಔಷಧಿಯ ಪುಟ ಕೊಯ್ದದ್ದು ನಾನು. ಅದಕ್ಕೇ ನನ್ನ ಜೀವನದಲ್ಲಿ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಬಿದ್ದಿತ್ತು.

ಎಲ್ಲರೂ ಹೋದ ಮೇಲೆ ಹೇಳಿದೆ: "ಸರ್, ಅದು ಮಾಡಿದಾಕಿ ನಾನ್ರಿ."

ಅವರು ಕಂಪ್ಯೂಟರ್ ಆರಿಸಿ, "ದೇವರು ಅಂತ ಒಬ್ಬಾಂವ ಅದಾನಂದ್ರ, ಭಾಳ ಕೆಟ್ಟ ಮಾಸ್ತರ ಅವ" ಎಂದರು. "ಇರ್ಲಿ. ಎಲ್ಲಿ ಮೋಸ ಮಾಡ್ತಾರಂತ ನಿನಗ ಒಳಗಿಂದ ಗೊತ್ತದ. ನಾಳಿಗಿಂದ ಒಂದು ತಾಸು ಜಾಸ್ತಿ ಕೂಡು, ತಂಗಿ."

ಒಂದು ವರ್ಷ ಕೂತೆ. ಪುಟಗಳಲ್ಲಿ ಎಲ್ಲಿ ಏನು ಮುಚ್ಚಿಟ್ಟಿದ್ದಾರೆ ಎಂದು ಕಿವಿಯಿಂದಲೇ ಹೇಳುವಷ್ಟಾದೆ. ಅಷ್ಟರಲ್ಲಿ ಕಂಪನಿ ಬೆಳೆದು ಖರಾಡಿಯ ದೊಡ್ಡ ಕಟ್ಟಡಕ್ಕೆ ಹೋಗಿತ್ತು. ಪರದೇಶದ ಗಿರಾಕಿಗಳು ಈಗ ಹಸಿರು ಗುರುತಿಗೆ ಒಪ್ಪುತ್ತಿರಲಿಲ್ಲ, ಕಣ್ಣಿಲ್ಲದವರೇ ಪುಟ ಬಳಸಿ ನೋಡಿದ್ದಾರೆಂಬ ಕಾಗದ ಕೇಳುತ್ತಿದ್ದರು. ನಿತಿನ್ ಸರ್ ತಾವಾಗಿ ಫೋನ್ ಮಾಡಿ ನನ್ನನ್ನು ವಾಪಸ್ ಕರೆದರು. ಬಸ್ಸಿನವರೆಗೆ ಅಪ್ಪ ಕೈ ಹಿಡಿದು ಕರೆತಂದು ಬಿಡುತ್ತಿದ್ದರು. ಮೊದಲ ದಿನ ಅವ್ವ ಡಬ್ಬಿಗೆ ಹೋಳಿಗೆ ಇಟ್ಟಳು.

ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದೊಡ್ಡ ಸಂಸ್ಥೆಯ ಕೆಲಸ ಬಂತು. ಅವರಿಗೆ ಟೆಲಿಫೋನ್ ಆಪರೇಟರುಗಳು ಬೇಕಾಗಿದ್ದರು, ಕೆಲವು ಜಾಗ ಕಣ್ಣಿಲ್ಲದವರಿಗೇ ಮೀಸಲು. ಅರ್ಜಿ ವೆಬ್‌ಸೈಟಿನಲ್ಲೇ ತುಂಬಬೇಕು, ಕಾಗದದ ಅರ್ಜಿ ಇಲ್ಲ. ನಾನು ತುಂಬಿ ನೋಡಿದೆ. ಹೆಸರು, ವಿಳಾಸ, ಓದು, ಎಲ್ಲ ಮುತ್ತಿನಂತೆ ಓದಿಸಿಕೊಂಡಿತು. ಕಡೆಯಲ್ಲಿ ಒಂದು ಚಿತ್ರ: ಸೊಟ್ಟ ಸೊಟ್ಟ ಅಕ್ಷರಗಳಿರುವ, ನೀವು ಮನುಷ್ಯರೇ ಎಂದು ಸಾಬೀತು ಮಾಡಲು ನೋಡಿ ಬರೆಯಬೇಕಾದ ಚಿತ್ರ. ಯಂತ್ರಕ್ಕೆ ಅದು ಓದಲು ಬಾರದು. ಪಕ್ಕದ ಮೇಜಿನ ಹುಡುಗಿಯನ್ನು ಕರೆದೆ. ಅವಳು ಓದಿ ಹೇಳಿದಳು, ಅರ್ಜಿ ಹೋಯಿತು.

"ಸರ್, ಇದು ಕಾಣದವರಿಗೆ ಆಗುವುದಿಲ್ಲ" ಎಂದೆ.

"ಹೋಯಿತಲ್ಲ ಅರ್ಜಿ?"

"ಅವಳು ಓದಿ ಹೇಳಿದ್ದಕ್ಕೆ ಹೋಯಿತು."

"ಅಯ್ಯೋ, ಎಲ್ಲರ ಮನೆಯಲ್ಲೂ ಒಬ್ಬರಾದರೂ ಕಣ್ಣಿದ್ದವರು ಇರುತ್ತಾರೆ. ಇಂದೇ ಪುಟ ಕೊಡಬೇಕು. ಮುಂದಿನ ತಿಂಗಳು ಬದಲಿಸಿದರಾಯಿತು. ನೀನು ಸಹಿ ಮಾಡಲ್ಲ ಅಂದರೆ ಬೇರೆ ಯಾರನ್ನಾದರೂ ನೋಡಬೇಕಾಗುತ್ತೆ, ಸುಜಾತಾ. ನನಗೂ ಬೇಜಾರು." ಅವತ್ತು ಜೋಕಿರಲಿಲ್ಲ.

ಕಣ್ಣೆದುರು ಬಾಗಿಲ ಹಿಂದಿನ ಚಾಪೆ ಬಂತು. ನನಗೆ ಆಗ ಕಾಣುತ್ತಿದ್ದುದೆಲ್ಲ ಅಂಥವೇ. ಸಹಿ ಮಾಡುವ ಜಾಗಕ್ಕೆ ಅವರೇ ನನ್ನ ಬೆರಳು ಹಿಡಿದು ಇಟ್ಟರು. ಮಾಡಿದೆ.

ಪುಟದ ಕೊನೆಗೆ ಒಂದು ಸಾಲು ಹಾಕಿದರು: ದೃಷ್ಟಿಹೀನರು ಯಾರ ನೆರವೂ ಇಲ್ಲದೆ ಬಳಸಿ ನೋಡಿ ಒಪ್ಪಿದ್ದಾರೆ. ಅದರ ಕೆಳಗೆ ನನ್ನ ಪೂರ್ತಿ ಹೆಸರು.

ಅರ್ಜಿಯ ಕಡೆಯ ದಿನ ಕಳೆದು ಎರಡು ದಿನಕ್ಕೆ ಮಲ್ಲಣ್ಣ ಸರ್ ಫೋನ್ ಮಾಡಿ, "ತರಗತಿಗಿ ಬಾ" ಎಂದರು. ಹೋದೆ. ಫ್ಯಾನು ಹಾಕಿರಲಿಲ್ಲ. ಕೂಡು ಎನ್ನಲಿಲ್ಲ.

"ನನ್ನ ವಯಸ್ಸು ಈ ವರ್ಷಕ್ಕ ಮುಗೀತದ, ಗೊತ್ತದ ಏನ್ ನಿನಗ? ಇನ್ನ ಮ್ಯಾಲ ಸರ್ಕಾರಿ ಆಗ್ಲಿ, ಸಂಸ್ಥೆ ಆಗ್ಲಿ, ಒಂದಕ್ಕೂ ಅರ್ಜಿ ಹಾಕ್ಲಿಕ್ಕ ಬರಂಗಿಲ್ಲ."

"ಸರ್..."

"ಕಡೀ ದಿನ ಮುಂಜಾನಿ ಹತ್ತಕ್ಕ ಕುಂತೆ. ಸಂಜಿ ಐದಕ್ಕ ಪುಟ ಬಂದ್ ಆಯ್ತು. ಏಳು ತಾಸು. ಕಡೀ ಚಿತ್ರದ ಹತ್ರ ಹೋಗಿ ಹೋಗಿ ವಾಪಸ್ ಬಂದೆ. ಕಂಪ್ಯೂಟರ್ ಬದಲಿ ಮಾಡ್ದೆ. ತಂತ್ರಾಂಶ ತೆಗದು ಮತ್ತ ಹಾಕ್ದೆ. ಎಲ್ಲೋ ನನ್ನದೇ ತಪ್ಪದ ಅಂದುಕೊಂಡೆ."

"ಕೆಳಗ ಅಂಗಡ್ಯಾಗ ಯಾರಿಗರೆ ಕೇಳಬೇಕಿತ್ತಲ್ರಿ ಸರ್. ಒಂದ ನಿಮಿಷದ ಕೆಲಸ..." ಆ ಮಾತು ನನ್ನ ಬಾಯಿಂದ ಹೇಗೆ ಬಂತೋ!

"ಕೇಳ್ತಿದ್ದೆ" ಎಂದರು. ದನಿ ಏರಿಸಲಿಲ್ಲ. "ದಿನಾ ಕೇಳ್ತೀನಿ. ಬಸ್ಸಿನ ನಂಬರ್ ಕೇಳ್ತೀನಿ, ಅಂಗೀ ಬಣ್ಣ ಕೇಳ್ತೀನಿ. ಅವತ್ತ ಕೇಳ್ಲಿಲ್ಲ. ಕೆಳಗ ನಿನ್ನ ಹೆಸರು ಓದ್ತಲ್ಲ ಅದು. ಯಾರ ನೆರವೂ ಇಲ್ದೆ ಅಂತ. ನಾ ಕಲ್ಸಿದಾಕಿ ತಾನೇ ದಾಟಿ ಹೋಗ್ಯಾಳ, ನನಗ ಆಗವಲ್ದು ಅಂದ್ರ ನಾ ಎಂಥ ಮಾಸ್ತರ? ಅದೇ ಹಟಕ್ಕ ಕುಂತೆ."

"ಕೆಲಸ ಬಿಡ್ತೀನ್ರಿ ಸರ್, ನಾಳಿಗೇ ಬಿಡ್ತೀನಿ" ಎಂದೆ.

"ಬಿಟ್ಟು? ನಿನ್ನ ಜಾಗದಾಗ ಕಣ್ಣಿದ್ದಾಂವಗ ಕುಂಡ್ರಸ್ತಾರ, ಅಂವ ಕಣ್ಣು ಮುಚ್ಚಿಕೊಂಡು ಸಹಿ ಮಾಡ್ತಾನ. ನಿನ್ನ ಮನಸ್ಸಿಗಿ ಹಗುರಾಗ್ಲಿ ಅಂತ ಬಿಡ್ಲಿಕ್ಕ ಹೊಂಟಿ. ಬಿಡಬ್ಯಾಡ. ಕುಂಡ್ರು ಅಲ್ಲೇ. ಹೋಗು ಈಗ."

ಮರುದಿನ ನಿತಿನ್ ಸರ್ ಮುಂದೆ ನಿಂತು, ಪುಟದಿಂದ ನನ್ನ ಹೆಸರು ತೆಗೆಯಿರಿ, ಇಲ್ಲವೇ ಚಿತ್ರ ತೆಗೆಯಿರಿ ಎಂದೆ. ಆ ಹೊತ್ತಿಗೆ ಸಂಸ್ಥೆಗೂ ದೂರುಗಳು ಹೋಗಿದ್ದವು. ಮುಂದಿನ ಸಲದ ಅರ್ಜಿಗಳಿಗೆಂದು ಚಿತ್ರ ತೆಗೆದು, ಆ ಜಾಗದಲ್ಲಿ 'ಎರಡಕ್ಕೆ ಮೂರು ಕೂಡಿಸಿದರೆ ಎಷ್ಟು' ಎಂಬ ಪ್ರಶ್ನೆಯನ್ನು ಅಕ್ಷರದಲ್ಲಿ ಹಾಕಿದರು. ಪಕ್ಕದ ಹುಡುಗಿ ಅದನ್ನು ಮಾಡಿ ಮುಗಿಸಿದಾಗ ನನ್ನ ಲೋಟದ ಚಹಾ ಇನ್ನೂ ಬಿಸಿಯಿತ್ತು. ಅದನ್ನೇ ಮುಂದಿನ ತಿಂಗಳಿಗೆ ಹಾಕಿದ್ದರು. ಸಂಸ್ಥೆಗೆ ಪತ್ರ ಬರೆದೆ, ಒಬ್ಬರ ಅರ್ಜಿಯನ್ನಾದರೂ ತಡವಾಗಿ ತೆಗೆದುಕೊಳ್ಳಿ, ತಪ್ಪು ನನ್ನದು ಎಂದು. ಅವಧಿ ಮುಗಿದಿದೆ ಎಂದು ಒಂದೇ ಸಾಲಿನ ಉತ್ತರ ಬಂತು.

ಅಲ್ಲಿಂದೀಚೆಗೆ ಮಲ್ಲಣ್ಣ ಸರ್ ನನ್ನ ಫೋನು ಎತ್ತಿಲ್ಲ. ಹಬ್ಬಕ್ಕೆ ಹೋದರೆ ತರಗತಿ ನಡೆದಿದೆ ಎಂದು ಹೇಳಿ ಕಳಿಸಿದರು. ಮುಂದಿನ ಕೆಲಸ ಇನ್ನೊಂದು ಅರ್ಜಿಯ ಪುಟವೇ ಆಗಿತ್ತು. ನಾನು ನೋಡಿ ಮುಗಿಸಿದ ಮೇಲೆ ಸಹಿ ಮಾಡಲು ಕೈ ಏಳಲಿಲ್ಲ. ಅವರಿಗೆ ಮಿಂಚಂಚೆಯಲ್ಲಿ ಪುಟ ಕಳಿಸಿ, ಒಮ್ಮೆ ತುಂಬಿ ನೋಡಿ ಎಂದು ಬರೆದೆ. ನಾಲ್ಕನೇ ದಿನ ಉತ್ತರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಯಂತ್ರದ ಬಾಯಲ್ಲಿ ನುಚ್ಚಾಗಿ ಬರುತ್ತಿತ್ತು. ಮೂರು ಸಲ ಕೇಳಿ ಜೋಡಿಸಿಕೊಂಡೆ. ಹೇಗಿದ್ದೀ ಎಂಬುದಿಲ್ಲ, ತಂಗಿ ಎಂಬುದಿಲ್ಲ. 'ಎಂಟನೇ ಖಾನೆಯ ಹೆಸರು ಓದುವುದಿಲ್ಲ. ಕಡೆಯ ಗುಂಡಿ ಒತ್ತಿದ ಮೇಲೆ ಅರ್ಜಿ ಹೋಯಿತೋ ಇಲ್ಲವೋ ಹೇಳುವುದಿಲ್ಲ.' ಇಷ್ಟೇ.

ಎರಡನ್ನೂ ಸರಿ ಮಾಡಿಸಿ ಮತ್ತೆ ಕಳಿಸಿದೆ. ನಿತಿನ್ ಸರ್ ದಿನಕ್ಕೆರಡು ಸಲ ಬಂದು ನನ್ನ ಮೇಜಿನ ಮೇಲೆ ಬೆರಳು ಬಡಿದು ಹೋಗುತ್ತಿದ್ದರು. ನಾನು ಕಾಯುತ್ತೇನೆ ಎಂದೆ. ಒಂದು ವಾರ ಕಾದೆ. ಆ ಸಲ ಉತ್ತರ ಬರಲಿಲ್ಲ. ತಪ್ಪು ಸಿಕ್ಕಿದ್ದರೆ ಮಲ್ಲಣ್ಣ ಸರ್ ಬರೆಯದೆ ಬಿಡುವವರಲ್ಲ. ಎಂಟನೇ ದಿನ ಕಾಗದ ತರಿಸಿ, ಸಹಿಯ ಜಾಗವನ್ನು ನಾನೇ ಬೆರಳಿನಿಂದ ಹುಡುಕಿ, ಸಹಿ ಮಾಡಿದೆ.